ಆರ್ಚಿ ಹೇಳಿಕೊಟ್ಟ ಮೂರು ಉತ್ತರ

ನಮ್ಮ ನುಲ್ಲಾಂಗಿನಲ್ಲಿ ಆರ್ಚಿ ಪೆಂಗೆಲಿಯ ಕೈ ತಾಗದ ಮೊಣಕಾಲು ಒಂದೂ ಇಲ್ಲ. ಇಪ್ಪತ್ತಾರನೇ ವಯಸ್ಸಿಗೇ ಕುರಿಯ ಉಣ್ಣೆ ಕತ್ತರಿಸುವ ಕೆಲಸದಲ್ಲಿ ಸೊಂಟ ಕೆಡಿಸಿಕೊಂಡ. ಇನ್ನು ಆಡುವುದಕ್ಕಾಗುವುದಿಲ್ಲ ಎಂದು ಗೊತ್ತಾದ ಮೇಲೆ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಕೈಕಾಲು ನೋಡಿಕೊಳ್ಳುವವನಾಗಿ ನಿಂತುಬಿಟ್ಟ. ಈಗ ಎಪ್ಪತ್ತನಾಲ್ಕು. ನಲವತ್ತೆಂಟು ಚಳಿಗಾಲದಲ್ಲಿ ಒಂದು ಶನಿವಾರವೂ ತಪ್ಪಿಸಿದವನಲ್ಲ. ಹೆಂಡತಿ ಜಾಯ್‌ಳನ್ನು ಮಣ್ಣು ಮಾಡಿದ್ದು ಒಂದು ಶುಕ್ರವಾರ; ಮಾರನೇ ದಿನ ಹನ್ನೊಂದು ಗಂಟೆಗೆ ಚೀಲ ಹಿಡಿದು ಮೈದಾನದಲ್ಲಿದ್ದ. ಕೆಲವರು ಅದನ್ನು ನಿಷ್ಠೆ ಎಂದರು, ಕೆಲವರು ಕಲ್ಲೆದೆ ಎಂದರು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು ಎಂದು ಅವನೇ ಒಮ್ಮೆ ನನ್ನ ಮುಂದೆ ಹೇಳಿದ್ದಾನೆ.

ಅವನ ಚೀಲದಲ್ಲಿ ಇರುವುದು ನಾಲ್ಕೇ ಸಾಮಾನು. ಅಗಲದ ಪಟ್ಟಿ, ಸ್ಪಂಜು, ಮೂಗಿಗೆ ಹಿಡಿಯುವ ಘಾಟಿನ ಸೀಸೆ, ಮತ್ತೆ ವೈನ್ ಬಾಟಲಿಯಲ್ಲಿ ತುಂಬಿದ ನೀಲಗಿರಿ ಎಣ್ಣೆಯ ಮದ್ದು. ಆ ಮದ್ದಿಗೆ ಇನ್ನೇನು ಬೆರೆಸುತ್ತಾನೆಂದು ಯಾರಿಗೂ ಹೇಳಿಲ್ಲ. ಆಟ ಮುಗಿದ ಮೇಲೆ ಯಾರಿಗೆ ಎಲ್ಲಿ ಪೆಟ್ಟಾಯಿತು, ತಾನೇನು ಮಾಡಿದೆ ಎಂದು ಕರೀ ರಟ್ಟಿನ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಾನೆ. ವರ್ಷಕ್ಕೊಂದು ಪುಸ್ತಕ. ನಲವತ್ತೆಂಟು ಪುಸ್ತಕಗಳಲ್ಲಿ ಆರ್ಚಿ ಬರೆದ ಸುಳ್ಳು ಒಂದೇ ಒಂದು. ಊರಿಗೆಲ್ಲ ಪ್ರೀತಿಯ ಕಥೆಯೊಂದು ಆ ಸುಳ್ಳಿನ ಮೇಲೆಯೇ ನಿಂತಿದೆ.

ಶನಿವಾರ ಬಂತೆಂದರೆ ಮೈದಾನದ ಬೇಲಿಗೆ ಮೂತಿ ಕೊಟ್ಟು ಕಾರುಗಳು ಸಾಲಾಗಿ ನಿಲ್ಲುತ್ತವೆ. ನಮ್ಮವರು ಗೋಲು ಹೊಡೆದರೆ ಎಲ್ಲರೂ ಒಟ್ಟಿಗೆ ಹಾರನ್ ಬಾರಿಸಬೇಕು. ನಮ್ಮೂರಿನ ಚಪ್ಪಾಳೆ ಅದೇ. ಸಾಲಿನ ಮೊದಲನೇ ಕಾರು ಯಾವತ್ತೂ ಬಾರ್ನಿ ಕ್ವಿಕ್‌ನದು. ಇಪ್ಪತ್ತು ವರ್ಷ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದವನು, ಬಾಯಿ ತೆರೆದರೆ ಮುಚ್ಚುವುದು ಗೊತ್ತಿಲ್ಲ. ಪಕ್ಕದ ಸೀಟಿನಲ್ಲಿ ವಿಲ್ಫ್ ಹಾರ್ಕಿನ್, ಒಂದು ಕಾಲದಲ್ಲಿ ಬೇಕರಿ ಇಟ್ಟಿದ್ದವನು. ಬಾರ್ನಿ ಹೇಳಿದ್ದಕ್ಕೆಲ್ಲ ಕೊಕ್ಕೆ ಹಾಕುವುದೇ ವಿಲ್ಫ್‌ನ ಈಗಿನ ಉದ್ಯೋಗ. ಮಾಂಸದ ಕಡುಬಿಗೆ ಟೊಮೆಟೊ ಸಾಸ್ ಸುರಿದುಕೊಂಡು, ಫ್ಲಾಸ್ಕಿನ ಚಹಾ ಹೀರುತ್ತ ಇಬ್ಬರೂ ಎದುರಿಗೆ ನಡೆಯುತ್ತಿರುವ ಆಟ ಬಿಟ್ಟು ನಲವತ್ತು ವರ್ಷದ ಹಿಂದಿನ ಆಟ ನೋಡುತ್ತಾರೆ.

"ಈಗಿನ ಆಟಗಾರರಿಗೆ ಒಂದು ಆಟಕ್ಕೆ ಐನೂರು ಡಾಲರ್ ಬೇಕಂತೆ. ನಾವು ಮಿಕ್ ಡೊರಾನ್‌ನ ಏನ್ ಕೊಟ್ಟು ತಂದ್ವಿ, ಹೇಳು?"

"ಒಂದ್ ಲೋಡ್ ಒಣಹುಲ್ಲು."

"ಒಂದೇ ಲೋಡು! ಏಳು ವರ್ಷ ಆಡಿದ!"

"ಹುಲ್ಲಿಗೆ ಬೂಷ್ಟು ಹಿಡಿದಿತ್ತು. ಅವರಪ್ಪ ಇವತ್ತಿಗೂ ಬೈತಾನೆ."

"ಅವರಪ್ಪ ಸತ್ತು ಹತ್ತು ವರ್ಷ ಆಯ್ತಲ್ಲೋ!"

"ಅಲ್ಲಿಂದ್ಲೇ ಬೈತಾನೆ."

ಬಾರ್ನಿ ಸೋಲೊಪ್ಪುವವನಲ್ಲ. ನಾಲ್ಕು ಟೈರಿಗೆ ಬಂದವನು, ಭಾನುವಾರದ ಊಟಕ್ಕೆ ಬಂದವನು, ಬೇಕರಿಯಲ್ಲಿ ಬನ್ ಕೊಳ್ಳಲು ಬಂದು ವಿಲ್ಫ್‌ನ ತಂಗಿಯನ್ನು ನೋಡಿ ಪುಕ್ಕಟೆ ಉಳಿದುಕೊಂಡವನು, ಹೀಗೆ ಒಬ್ಬೊಬ್ಬನನ್ನೇ ಎಣಿಸುತ್ತಾನೆ. ವಿಲ್ಫ್ ಕಾದಿದ್ದು ಕೇಳುತ್ತಾನೆ: "ಮೆಲ್ಬರ್ನಿಂದ ಮೂರು ಸಾವಿರ ಸುರಿದು ತಂದೆಯಲ್ಲ, ಆ ಚಿನ್ನದ ಕಾಲಿನವನು?"

"ಅವನ ಸುದ್ದಿ ಎತ್ತಬೇಡ."

"ಎರಡು ಆಟ ಆಡಿದ, ಹೋಟೆಲಿನ ಅಡುಗೆಯವಳನ್ನ ಕರ್ಕೊಂಡು ಓಡಿಹೋದ. ಅವಳು ಹೋದ್ಮೇಲೆ ಊರಲ್ಲಿ ಒಂದು ಒಳ್ಳೇ ರೋಸ್ಟ್ ಸಿಕ್ಕಿಲ್ಲ. ಎರಡು ನಷ್ಟ!"

"ಆಯ್ತಪ್ಪ. ಆದ್ರೆ ಫ್ರಿಜ್ಜಿಗೆ ಏನಂತೀಯ?"

ಆಗ ವಿಲ್ಫ್ ಕೂಡ ಟೋಪಿ ತೆಗೆಯುತ್ತಾನೆ. ಫ್ರಿಜ್ಜಿಗೆ ಎದುರು ಮಾತಿಲ್ಲ.

ಫ್ರಿಜ್ಜು ಎಂದರೆ ಕ್ಲೆಮ್ ಲೋಮಾಕ್ಸ್. ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಸಮುದ್ರದ ಕಡೆಯ ಒಂದು ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಇಪ್ಪತ್ತೊಂದರ ಪ್ರಾಯ, ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ. ಮೂರು ಕ್ಲಬ್ಬಿನವರು ನೋಟಿನ ಕಟ್ಟು ಹಿಡಿದು ಅವರ ಮನೆಗೆ ಹೋಗಿ ಬಂದಿದ್ದರು. ಆರ್ಚಿ ಬರಿಗೈಯಲ್ಲಿ ಹೋದ. ಅಡುಗೆಮನೆಯಲ್ಲಿ ಕ್ಲೆಮ್‌ನ ತಾಯಿ ಹಾಲಿನ ಜಗ್ಗನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದನ್ನು ನೋಡಿದ. ಅವರ ಮನೆಯ ಫ್ರಿಜ್ಜು ಕೆಟ್ಟು ಎರಡು ತಿಂಗಳಾಗಿತ್ತು. ಆರ್ಚಿ ಏನೂ ಮಾತಾಡದೆ ನಾನೂರು ಕಿಲೋಮೀಟರ್ ವಾಪಸು ಬಂದು, ತನ್ನ ಮನೆಯ ಫ್ರಿಜ್ಜನ್ನೇ ಗಾಡಿಗೆ ಹೇರಿ ಮತ್ತೆ ನಾನೂರು ಕಿಲೋಮೀಟರ್ ಹೋಗಿ ಆ ಅಡುಗೆಮನೆಯಲ್ಲಿ ಇಳಿಸಿದ. ಅದು ಮದುವೆಗೆ ಜಾಯ್‌ಳ ಅಪ್ಪ ಕೊಟ್ಟದ್ದು. ಆಮೇಲೆ ಎಂಟು ತಿಂಗಳು ಜಾಯ್ ಬೆಣ್ಣೆಯನ್ನು ನೀರಿನ ಟ್ಯಾಂಕಿನ ಕೆಳಗಿಟ್ಟಳು. ಮೊದಲ ಮೂರು ವಾರ ಗಂಡನ ಜೊತೆ ಮಾತಾಡಲಿಲ್ಲ. ಕ್ಲೆಮ್ ನುಲ್ಲಾಂಗಿಗೆ ಬಂದ. ಧಾನ್ಯದ ಗೋದಾಮಿನಲ್ಲಿ ಕೆಲಸ ಸಿಕ್ಕಿತು, ಊರು 'ಫ್ರಿಜ್ಜು' ಎಂದೇ ಕರೆಯಿತು. "ಹೋಗಿಬಾರೋ ಮಗನೇ, ಆ ಆರ್ಚಿ ನಿನ್ನನ್ನ ನೋಡ್ಕೋತಾನೆ" ಎಂದು ಹೇಳಿ ತಾಯಿ ಕಳಿಸಿಕೊಟ್ಟಿದ್ದಳು.

ಬಾರ್ನಿಯ ಕಥೆ ಇಲ್ಲಿಂದ ಎಂಬತ್ತನಾಲ್ಕರ ಫೈನಲ್ಲಿಗೆ ಜಿಗಿಯುತ್ತದೆ. ಎದುರಿಗೆ ಕಾರ್ವಿಕ್. ನುಲ್ಲಾಂಗ್ ಕಪ್ ಕಂಡು ಮೂವತ್ತೊಂದು ವರ್ಷವಾಗಿತ್ತು. ಆಟದ ಮೂರನೇ ಭಾಗದಲ್ಲಿ ಕಾರ್ವಿಕ್‌ನ ದಾಂಡಿಗನೊಬ್ಬ ಓಡಿ ಬಂದು ಭುಜದಿಂದ ಗುದ್ದಿದ ಏಟಿಗೆ ಕ್ಲೆಮ್ ಕಡಿದ ಮರದಂತೆ ಬಿದ್ದ. ಸ್ಟ್ರೆಚರಿನಲ್ಲಿ ಹೊತ್ತು ತಂದರು. ಕೊನೇ ಒಂಬತ್ತು ನಿಮಿಷ ಇರುವಾಗ ನಾವು ನಾಲ್ಕು ಪಾಯಿಂಟ್ ಹಿಂದೆ. ಬಾರ್ನಿ ಹೇಳುವ ಪ್ರಕಾರ ಆಗ ಕ್ಲೆಮ್ ಎದ್ದು ಕೂತ, ಆರ್ಚಿಯ ಕೈ ಕೊಡವಿದ, "ಬಿಡೋ ನನ್ನ, ಆಟ ಮುಗಿಸಬೇಕು" ಎಂದು ಗುಡುಗಿ ಒಳಗೆ ಓಡಿದ. ಕೊನೇ ಗಳಿಗೆಯಲ್ಲಿ ಇಬ್ಬರ ಬೆನ್ನು ಹತ್ತಿ ಹಾರಿ, ಗಾಳಿಯಲ್ಲೇ ಚೆಂಡು ಹಿಡಿದ. ಆಟ ಮುಗಿದ ಸೈರನ್ ಕೂಗಿತು. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಹಾಗೆ ಹಿಡಿದವನಿಗೆ ಸೈರನ್ ಆದ ಮೇಲೂ ಒಂದು ಒದೆತ ಬಾಕಿ ಇರುತ್ತದೆ; ಒದ್ದ. ಎರಡು ಕಂಬದ ನಡುವೆ. ಗೋಲಿಗೆ ಆರು ಪಾಯಿಂಟ್. ಎರಡರಿಂದ ಗೆದ್ದೆವು.

"ತಲೇಲಿ ಏನೂ ಇರ್ಲಿಲ್ಲ ಅವನಿಗೆ! ಆಮೇಲೆ ಕಪ್ ಕೈಯಲ್ಲಿ ಕೊಟ್ರೆ, ಇದ್ಯಾರ ಮದ್ವೆ ಅಂತ ಕೇಳ್ದ!" ಎಂದು ಬಾರ್ನಿ ತೊಡೆ ತಟ್ಟುತ್ತಾನೆ. ಬೇಲಿಯುದ್ದಕ್ಕೂ ನಗು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ನಗುವಿನ ಹೊತ್ತಿಗೆ ಆರ್ಚಿಯ ಕೈ ಚೀಲದ ಕೊಂಡಿಗೆ ಹೋಗುತ್ತದೆ. ಏಕೆಂದರೆ ಅವತ್ತು ನಡೆದದ್ದು ಬೇರೆ. ತಲೆಗೆ ಪೆಟ್ಟು ಬಿದ್ದವನನ್ನು ಮತ್ತೆ ಆಡಿಸಬೇಕಾದರೆ ಲೀಗಿನ ಡಾಕ್ಟರು ಬಂದು ಮೂರು ಪ್ರಶ್ನೆ ಕೇಳುತ್ತಿದ್ದರು. ಇವತ್ತು ಯಾವ ದಿನ, ಯಾರ ಮೇಲೆ ಆಡುತ್ತಿದ್ದೀಯ, ಪಾಯಿಂಟ್ ಎಷ್ಟು. ಮೂರಕ್ಕೂ ಸರಿಯಾಗಿ ಉತ್ತರಿಸಿದರೆ ಒಳಗೆ, ಇಲ್ಲವಾದರೆ ಆಚೆ. ಡಾಕ್ಟರು ಮೈದಾನದ ಆ ಮೂಲೆಯಲ್ಲಿ ಒಬ್ಬನ ಮೂಗಿಗೆ ಹತ್ತಿ ತುರುಕುತ್ತಿದ್ದರು. ಅವರು ಇಲ್ಲಿಗೆ ಬರುವ ಮೊದಲು ಆರ್ಚಿ ಕ್ಲೆಮ್‌ನ ಕಿವಿಗೆ ಬಾಯಿಟ್ಟು ಮೂರು ಉತ್ತರ ಹೇಳಿಕೊಟ್ಟ. ಶನಿವಾರ. ಕಾರ್ವಿಕ್. ನಾಲ್ಕು ಪಾಯಿಂಟ್ ಹಿಂದೆ. ಬಾಯಿಪಾಠ ಬರುವ ತನಕ ಐದಾರು ಸಲ ಹೇಳಿಸಿದ. ಯಾರೂ ಅವನಿಗೆ ಹಾಗೆ ಮಾಡು ಎಂದಿರಲಿಲ್ಲ. ಕೋಚ್ ಆಗಲೇ ಬೇರೆಯವನನ್ನು ಎಬ್ಬಿಸಿ ನಿಲ್ಲಿಸಿದ್ದ. ಗೆಲ್ಲುವ ಆಸೆ ಆರ್ಚಿಯದೇ.

ನಡುವೆ ಕ್ಲೆಮ್ ಕೂಡ ಏನೋ ಅಂದಿದ್ದ. ಆ ಮಾತನ್ನು ಆರ್ಚಿ ಯಾರಿಗೂ ಹೇಳಿಲ್ಲ. ರಾತ್ರಿ ಪುಸ್ತಕ ತೆರೆದು, 'ಲೋಮಾಕ್ಸ್ - ಕಾಲು ಸೆಳೆತ, ಉಜ್ಜಿದೆ' ಎಂದು ಬರೆದು ಮುಚ್ಚಿದ.

ಈ ವರ್ಷ ಏಪ್ರಿಲ್‌ನಲ್ಲಿ ಮೊದಲ ಸಲ ಆರ್ಚಿಗೆ ಅನುಮಾನ ಬಂತು. ಬೇಲಿಯ ಹತ್ತಿರ ಬಾರ್ನಿ ಎಂದಿನಂತೆ ಫೈನಲ್ಲಿನ ಕಥೆ ಹೇಳುತ್ತಿದ್ದ. ಕ್ಲೆಮ್ ಪಕ್ಕದಲ್ಲೇ ನಿಂತಿದ್ದ. ಅರವತ್ಮೂರು ವರ್ಷದ ಆಸಾಮಿ. ಯಾವಾಗಲೂ ನಾಚಿಕೊಂಡು "ಸಾಕು ಬಿಡ್ರೋ" ಎನ್ನುವವನು, ಅವತ್ತು ಕಣ್ಣರಳಿಸಿ ಕೇಳುತ್ತಿದ್ದ. ಬಾರ್ನಿ ಉಸಿರೆಳೆದುಕೊಳ್ಳಲು ನಿಂತಾಗ ಕ್ಲೆಮ್ ಕೇಳಿದ: "ಆಮೇಲೆ? ಗೆದ್ರಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಫ್ರಿಜ್ಜು ತಮಾಷೆ ಮಾಡುವುದನ್ನೂ ಕಲಿತ ಎಂದರು. ಆರ್ಚಿ ಮಾತ್ರ ಅವನ ಮುಖ ನೋಡಿದ. ಅದು ತಮಾಷೆಯ ಮುಖವಾಗಿರಲಿಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ಒಂದು ಮಂಗಳವಾರ ಬೆಳಿಗ್ಗೆ ಕ್ಲೆಮ್ ಆರ್ಚಿಯ ಮನೆ ಬಾಗಿಲು ತಟ್ಟಿ, ಮೆಟ್ಟಿಲ ಮೇಲೆ ಕೂತು ಬಲಗಾಲು ಮುಂದೆ ಚಾಚಿದ. "ಬಿಗಿಯಾಗಿ ಸುತ್ತು ಆರ್ಚಿ, ನೆಲ ಗಟ್ಟಿ ಇದೆ ಇವತ್ತು." ಆಟವಿಲ್ಲ, ಮಂಗಳವಾರ, ನೀನು ಬೂಟು ಬಿಚ್ಚಿಟ್ಟು ಮೂವತ್ಮೂರು ವರ್ಷವಾಯಿತು ಎಂದೆಲ್ಲ ಹೇಳಬಹುದಿತ್ತು. ಆರ್ಚಿ ಒಳಗೆ ಹೋದ. ಪಟ್ಟಿ ತಂದು ಸುತ್ತಿದ. ಮುಂದಿನ ಮಂಗಳವಾರವೂ ಬಂದ. ಅದರ ಮುಂದಿನದ್ದಕ್ಕೂ. ಆರ್ಚಿ ಪ್ರತಿ ಸಲ ಸುತ್ತಿ ಕಳಿಸಿದ. ಮನೆಯಲ್ಲಿ ಕ್ಲೆಮ್‌ನ ಹೆಂಡತಿ ಮರ್ಲೀನ್ ಕತ್ತರಿ ಹಿಡಿದು ಬಿಡಿಸಿದಳು.

ಜೂನ್‌ನಲ್ಲಿ ಕ್ಲೆಮ್ ರೈಲುಹಳಿಯ ಮೇಲೆ ಕಾರು ನಿಲ್ಲಿಸಿಕೊಂಡು, ಎಂಜಿನ್ ಆರಿಸಿ, ಕೈ ಮಡಿಚಿ ಕೂತಿದ್ದ. ಗೋಧಿಯ ರೈಲು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು, ವಿಲ್ಫ್ ನೋಡಿ ಆಚೆ ಎಳೆದ, ಕ್ಲೆಮ್ ಬದುಕಿಕೊಂಡ. ಊರು ಕುಡಿತ ಎಂದಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು; ಕ್ಲೆಮ್ ಜೀವಮಾನದಲ್ಲಿ ಎರಡು ಬಿಯರಿನ ಮೇಲೆ ಮೂರನೆಯದು ಮುಟ್ಟಿದವನಲ್ಲ ಎಂಬುದು ಒಬ್ಬರಿಗೂ ನೆನಪಾಗಲಿಲ್ಲ. ಆರ್ಚಿಗೆ ನೆನಪಿತ್ತು. ಅವನೂ ಬಾಯಿ ಬಿಡಲಿಲ್ಲ, ಥೂ.

ಎಂಬತ್ತನಾಲ್ಕರ ತಂಡಕ್ಕೆ ನಲವತ್ತು ತುಂಬಿದ ಸಮಾರಂಭ ಜುಲೈ ಕೊನೇ ಶನಿವಾರ ಎಂದು ಗೊತ್ತಾಯಿತು. ಆ ವಾರದ ಬುಧವಾರ ಬೆಳಿಗ್ಗೆ ಆರ್ಚಿ ಹಿತ್ತಲ ಶೆಡ್ಡಿನಲ್ಲಿ ಮದ್ದು ಕಲಸುತ್ತಿದ್ದಾಗ ಮರ್ಲೀನ್ ಬಂದಳು. ತೋಳಲ್ಲಿ ಹತ್ತು ಕರೀ ಪುಸ್ತಕಗಳ ಕಟ್ಟು. ಬಲ್ಲಾರಟ್‌ನ ತಲೆಯ ಡಾಕ್ಟರಿಗೆ ತೋರಿಸಬೇಕು, ಕ್ಲೆಮ್ ಆಡಿದ ವರ್ಷಗಳದ್ದು ಕೊಡು ಎಂದು ಎರಡು ವಾರದ ಹಿಂದೆ ಕೇಳಿ ಒಯ್ದಿದ್ದಳು. ಇಲ್ಲ ಎನ್ನಲು ಆರ್ಚಿಗೆ ಒಂದು ನೆವವೂ ಸಿಕ್ಕಿರಲಿಲ್ಲ.

"ಹನ್ನೊಂದು ಸಲ ತಲೆಗೆ ಪೆಟ್ಟು ಬಿದ್ದಿದೆ," ಎಂದು ಅವಳು ಪುಸ್ತಕಗಳನ್ನು ಬೆಂಚಿನ ಮೇಲಿಟ್ಟಳು. "ಹನ್ನೊಂದು ಸಲವೂ 'ಆಚೆ ಕೂರಿಸಿದೆ' ಅಂತ ಬರೆದಿದ್ದೀಯ. ಒಳ್ಳೇದು. ಡಾಕ್ಟ್ರಿಗೆ ಮುಖ್ಯವಾಗಿ ಬೇಕಿರೋದು ಒಂದೇ ಮಾತು. ಎಚ್ಚರ ತಪ್ಪಿ ಬಿದ್ದ ದಿನವೇ ಅವನನ್ನ ಮತ್ತೆ ಆಡಿಸಿದ್ರಾ?"

ಆರ್ಚಿ ಸೀಸೆ ಅಲುಗಿಸುತ್ತಲೇ ಇದ್ದ.

"ಫೈನಲ್ ದಿನ ಕಟ್ಟಿಗೆ ಥರ ಬಿದ್ದ ಅಂತ ಊರೆಲ್ಲ ಹೇಳುತ್ತೆ. ನಾನಾಗ ಈ ಊರಿಗೆ ಬಂದಿರ್ಲಿಲ್ಲ. ನಿನ್ನ ಪುಸ್ತಕದಲ್ಲಿ ಕಾಲು ಸೆಳೆತ ಅಂತಿದೆ."

"ಬಾರ್ನಿ ಮಾತು ನಂಬ್ತೀಯಾ? ಅವನ ಕಥೆಯಲ್ಲಿ ಕ್ಲೆಮ್ ವರ್ಷಕ್ಕೊಂದು ಅಡಿ ಎತ್ತರ ಹಾರ್ತಾನೆ."

"ನಾನು ಬಾರ್ನೀನ ಕೇಳ್ತಿಲ್ಲ, ನಿನ್ನ ಕೇಳ್ತಿದೀನಿ." ಅವಳು ಸ್ವೆಟರಿನ ತೋಳು ಮೇಲೆತ್ತಿದಳು. ಮಣಿಕಟ್ಟಿನ ಸುತ್ತ ನಾಲ್ಕು ಬೆರಳಿನ ಗುರುತು, ನೀಲಿ ಹೋಗಿ ಹಳದಿಯಾಗುತ್ತಿತ್ತು. "ಮೂವತ್ತೇಳು ವರ್ಷದಲ್ಲಿ ನನ್ನ ಕಡೆಗೆ ಒಂದು ಚಮಚ ಎಸೆದವನಲ್ಲ. ಮೊನ್ನೆ ನನ್ನನ್ನ ಕಳ್ಳಿ ಅಂದ. ತಾಯಿ ಫ್ರಿಜ್ ಕದಿಯೋಕೆ ಬಂದಿದೀನಂತೆ. ಆಕೆ ಹೋದ್ಮೇಲೆ ನಾವೇ ತಂದಿಟ್ಕೊಂಡಿದ್ದು, ನಮ್ಮ ಜಗುಲೀಲಿ ಇನ್ನೂ ಗುಂಯ್ ಅಂತ ಓಡ್ತಾ ಇದೆ, ಗೊತ್ತಲ್ಲ? ಅದು ಚೆನ್ನಾಗಿದೆ. ಇವನೇ ಕೆಟ್ಟ."

"ಮರ್ಲೀನ್..."

"ನನಗೆ ಗೊತ್ತಾಗ್ಬೇಕು ಆರ್ಚಿ. ಇದು ಅವನ ಕೆಟ್ಟತನವಾ, ಕಾಯಿಲೆಯಾ? ಕಾಯಿಲೆ ಅಂದ್ರೆ ಕೊನೆತನಕ ನೋಡ್ಕೋತೀನಿ, ಹೊಡೆದ್ರೂ ಸರಿ, ಬೈದ್ರೂ ಸರಿ. ಕೆಟ್ಟತನ ಅಂದ್ರೆ ಭಾನುವಾರ ಮಿಲ್ಡುರಾದಲ್ಲಿ ಅಕ್ಕನ ಮನೆಗೆ ಹೋಗ್ತೀನಿ. ಅವಳು ಕೋಣೆ ಖಾಲಿ ಮಾಡಿಟ್ಟಿದಾಳೆ. ವಯಸ್ಸಾದಂಗೆ ಕೆಲವು ಗಂಡಸರು ಹಾಗೇ ಆಗ್ತಾರೆ ಅಂತ ಅವಳ ವಾದ. ಅವತ್ತು ಅವನು ಎಚ್ಚರ ತಪ್ಪಿದ್ನಾ?"

ಅಯ್ಯೋ, ಒಂದು ಮಾತು ಸಾಕಾಗಿತ್ತು. ಹೌದು ಎಂಬ ಎರಡಕ್ಷರ. ಶೆಡ್ಡಿನ ತಗಡು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಆರ್ಚಿಗೆ ಕಂಡದ್ದು ಶನಿವಾರದ ಸಮಾರಂಭ. ಕ್ಲಬ್ಬಿನ ಗೋಡೆಗೆ ಹಾಕಲಿರುವ ಫಲಕದಲ್ಲಿ ತನ್ನ ಹೆಸರು. ನಲವತ್ತೆಂಟು ವರ್ಷ ತಮ್ಮ ಮಕ್ಕಳ ತಲೆಯನ್ನು ತನ್ನ ಕೈಗೆ ಕೊಟ್ಟ ತಾಯಂದಿರ ಮುಖಗಳು.

"ಕಾಲು ಸೆಳೆತವೇ," ಎಂದ.

ಅವಳು ಎಂಬತ್ತನಾಲ್ಕರ ಪುಸ್ತಕವೊಂದನ್ನು ಮಾತ್ರ ಮತ್ತೆ ಕೈಗೆತ್ತಿಕೊಂಡಳು. "ಇದು ನನ್ನ ಹತ್ರ ಇರಲಿ. ಶನಿವಾರದ ತನಕ ಯೋಚನೆ ಮಾಡು," ಎಂದು ಹೇಳಿ ಹೊರಟಳು. ಗುರುವಾರ ಆರ್ಚಿ ಎರಡು ಸಲ ಫೋನೆತ್ತಿ ಕೆಳಗಿಟ್ಟ. ಶುಕ್ರವಾರ ಅವರ ಮನೆಯ ತಿರುವಿನ ತನಕ ಹೋಗಿ, ಜಗುಲಿಯ ಮೇಲೆ ಎರಡು ಸೂಟ್‌ಕೇಸ್ ಕಂಡು, ವಾಪಸು ಬಂದ.

ಶನಿವಾರ ಬೆಳಿಗ್ಗೆಯಿಂದಲೇ ಉತ್ತರದ ಒಣ ಬಿಸಿಗಾಳಿ. ಜುಲೈ ಎಂದರೆ ನಮಗೆ ಚಳಿಗಾಲ, ಆಗ ಆ ಗಾಳಿ ಬೀಸಬಾರದು, ಬೀಸಿತು. ಹೊಲದ ಕೆಂಪು ಮಣ್ಣೆದ್ದು ಗೋದಾಮಿನ ಗೋಪುರಗಳು ಅರ್ಧಕ್ಕರ್ಧ ಕಾಣದಾದವು. ಮ್ಯಾಗ್‌ಪೈ ಹಕ್ಕಿಗಳು ಆಟದ ಕಂಬ ಬಿಟ್ಟು ಎಲ್ಲಿಗೋ ಹೋಗಿದ್ದವು. ಕಾರುಗಳು ಮಾತ್ರ ಎಂದಿಗಿಂತ ಹೆಚ್ಚು, ಎರಡು ಸಾಲು. ಮಧ್ಯಾಹ್ನ ಆಟದ ಅರ್ಧ ಮುಗಿದಾಗ ಹಳೇ ತಂಡದವರನ್ನು ಮೈದಾನದ ನಡುವೆ ಸಾಲಾಗಿ ನಿಲ್ಲಿಸಿದರು. ಬೊಜ್ಜು, ಬೋಳು, ಊರುಗೋಲು. ನಾಲ್ಕು ಜನ ಇರಲೇ ಇಲ್ಲ, ಸತ್ತಿದ್ದರು. ಬಾರ್ನಿ ಮೈಕ್ ಹಿಡಿದು ಒಬ್ಬೊಬ್ಬರ ಹೆಸರು ಕೂಗಿದ. ಒಣಹುಲ್ಲಿನವನು ಬಂದ, ಟೈರಿನವನು ಬಂದ, ಹಾರನ್ ಮೊಳಗಿತು.

"ಇನ್ನು ನುಲ್ಲಾಂಗಿನ ಚರಿತ್ರೆಯಲ್ಲೇ ಅಗ್ಗದ ವ್ಯಾಪಾರ! ಎಲ್ಲಿ ನಮ್ಮ ಫ್ರಿಜ್ಜು?"

ಸಾಲಿನಲ್ಲಿ ಕ್ಲೆಮ್ ಇರಲಿಲ್ಲ.

ಆರ್ಚಿ ನೋಡಿದ. ದೂರದ ತುದಿಯಲ್ಲಿ, ಕಂಬಗಳ ಹತ್ತಿರ, ಮಣ್ಣಿನ ಗಾಳಿಯೊಳಗೆ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಮೈಮೇಲೆ ಸಮಾರಂಭದ ಕೋಟು, ಕಾಲಿಗೆ ಆಟದ ಬೂಟು. ಆರ್ಚಿ ಚೀಲ ಎತ್ತಿಕೊಂಡು, ನೋಯುವ ಸೊಂಟವನ್ನು ಒಂದು ಕೈಯಲ್ಲಿ ಹಿಡಿದು, ಆ ಕಡೆ ನಡೆದ. ಬೇಲಿಯ ಅತ್ತ ಕಡೆಯಿಂದ ಮರ್ಲೀನ್ ಕೂಡ ಓಡಿ ಬರುತ್ತಿದ್ದಳು.

"ಎರಡು ನಿಮಿಷ ಚಹಾ ತರೋಕೆ ಹೋಗಿದ್ದೆ," ಎಂದಳು ಏದುಸಿರು ಬಿಡುತ್ತ. "ಆ ಬೂಟು ಬೆಳಿಗ್ಗೆ ಫ್ರಿಜ್ಜಿನಲ್ಲಿ ಇಟ್ಕೊಂಡಿದ್ದ. ಬೆಣ್ಣೆ ಪಕ್ಕದಲ್ಲಿ."

ಹಿಂದಿನಿಂದ ಧ್ವನಿವರ್ಧಕದಲ್ಲಿ ಬಾರ್ನಿಯ ದನಿ ಮೈದಾನವನ್ನೆಲ್ಲ ತುಂಬಿತು. ಫ್ರಿಜ್ಜಿಗೆ ನಾಚಿಕೆ, ಹುಡುಕಿ ತರ್ತಾರೆ, ಅಷ್ಟರಲ್ಲಿ ನಾನು ಕಥೆ ಹೇಳ್ತೀನಿ ಎಂದು ಶುರು ಹಚ್ಚಿಕೊಂಡ. ಎಂಬತ್ತನಾಲ್ಕು. ಕಾರ್ವಿಕ್. ಭುಜದ ಗುದ್ದು. ಕ್ಲೆಮ್ ತಲೆ ಓರೆ ಮಾಡಿ ಆ ದನಿ ಕೇಳುತ್ತಿದ್ದ. ಮರ್ಲೀನ್ ತೋಳು ಮುಟ್ಟಲು ಹೋದಾಗ ಅವಳನ್ನು ದೂಡಿದ, ಮುಷ್ಟಿ ಎತ್ತಿದ. ಯಾರೆಂದು ಗುರುತೇ ಇಲ್ಲದ ಕಣ್ಣು.

"ಕ್ಲೆಮ್," ಎಂದ ಆರ್ಚಿ. ನಲವತ್ತೆಂಟು ವರ್ಷದ ಅಭ್ಯಾಸ, ಬಾಯಿಗೆ ಬಂದದ್ದು ಅದೇ ಪ್ರಶ್ನೆ. "ಕ್ಲೆಮ್, ಇವತ್ತು ಯಾವ ದಿನ?"

ಮುಷ್ಟಿ ಇಳಿಯಿತು. ಕ್ಲೆಮ್ ಅವನ ಕಡೆ ತಿರುಗಿ, ಒಳ್ಳೆಯ ವಿದ್ಯಾರ್ಥಿಯಂತೆ ನೆಟ್ಟಗೆ ನಿಂತು, ಕೇಳಿದ್ದಕ್ಕೂ ಕೇಳದ್ದಕ್ಕೂ ಒಂದೇ ಉಸಿರಿನಲ್ಲಿ ಒಪ್ಪಿಸಿದ.

"ಶನಿವಾರ. ಕಾರ್ವಿಕ್. ನಾಲ್ಕು ಪಾಯಿಂಟ್ ಹಿಂದೆ."

ಮರ್ಲೀನ್ ಇಬ್ಬರನ್ನೂ ನೋಡಿದಳು. "ಇವತ್ತು ಎದುರಿಗಿರೋದು ಕಾರ್ವಿಕ್ ಅಲ್ಲ. ಬೆಳಿಗ್ಗೆ ಅವನಿಗೆ ನನ್ನ ಹೆಸರು ಗೊತ್ತಿರ್ಲಿಲ್ಲ. ಇದು ಹೇಗೆ ಬರುತ್ತೆ ಅವನಿಗೆ?"

"ನಾನು ಹೇಳಿಕೊಟ್ಟಿದ್ದು." ಆರ್ಚಿ ಚೀಲ ಕೆಳಗಿಟ್ಟ. "ಅವತ್ತು. ಆರು ನಿಮಿಷ ಎಚ್ಚರ ಇರ್ಲಿಲ್ಲ ಮರ್ಲೀನ್. ಎದ್ಮೇಲೂ ಊರು ಕೇರಿ ಗೊತ್ತಿರ್ಲಿಲ್ಲ. ಡಾಕ್ಟ್ರು ಕೇಳ್ತಾರೆ ಅಂತ ಕಿವೀಲಿ ಹೇಳಿಕೊಟ್ಟೆ, ಒಳಗೆ ಕಳಿಸಿದೆ. ಕಾಲು ಸೆಳೆತ ಸುಳ್ಳು."

ಅವಳು ಗಂಡನ ಕಡೆ ತಿರುಗಿದಳು. ಹೊಡೆದಿದ್ದರೆ ಚೆನ್ನಾಗಿತ್ತು.

"ಅವನೂ ಹೋಗ್ಬೇಕು ಅಂತಿದ್ದ," ಎಂದು ಆರ್ಚಿ ಸೇರಿಸಿದ. "ಬಾರ್ನಿ ಹೇಳ್ತಾನಲ್ಲ, ಹಾಗೆ. ಅವನೂ..."

"ನಾನು ಸರಿಯಾಗಿ ಹೇಳಿದೆನಾ?" ಕ್ಲೆಮ್ ಅವನ ತೋಳು ಹಿಡಿದು ತಗ್ಗಿದ ದನಿಯಲ್ಲಿ ಕೇಳಿದ. "ಡಾಕ್ಟ್ರು ಹೋದ್ರಾ? ಆರ್ಚಿ, ನನಗೆ ಕಣ್ಣು ಕಾಣ್ತಿಲ್ಲ ಕಣೋ. ಎಲ್ಲಾ ಬೆಳ್ಳಗಿದೆ. ನನ್ನ ಕಳಿಸ್ಬೇಡ. ಅಮ್ಮನ ಹತ್ರ ಕರ್ಕೊಂಡು ಹೋಗು. ಕಳಿಸ್ಬೇಡ ಆರ್ಚಿ."

ಗಾಳಿಗೆ ಮರ್ಲೀನ್‌ಳ ಕೂದಲು ಮುಖದ ಮೇಲೆ ಬಿದ್ದಿತ್ತು, ಅವಳು ಅದನ್ನು ಸರಿಸಲಿಲ್ಲ. "ಅವತ್ತು ಹೀಗಂದಿದ್ನಾ?" ಎಂದು ಕೇಳಿದಳು.

ಇನ್ನು ಅಡಗಿಸಿಡಲು ಏನೂ ಉಳಿದಿರಲಿಲ್ಲ. "ಹೀಗೇ ಅಂದಿದ್ದ. ಎರಡು ಸಲ."

"ನೀನೇನಂದೆ?"

"ಹೆಣ್ಣಿಗನ ಹಾಗೆ ಅಳಬೇಡ, ನಿನ್ನ ತಾಯಿಗೆ ಫ್ರಿಜ್ ಕೊಟ್ಟಿದ್ದು ಇದಕ್ಕೇ ಅಂದೆ."

ಧ್ವನಿವರ್ಧಕದಲ್ಲಿ ಬಾರ್ನಿಯ ಕಥೆ ಆಗ ಕೊನೇ ಜಿಗಿತಕ್ಕೆ ಬಂದಿತ್ತು. ಕ್ಲೆಮ್ ಇಬ್ಬರ ಬೆನ್ನು ಹತ್ತಿದ್ದ, ಚೆಂಡು ಹಿಡಿದಿದ್ದ, ಸೈರನ್ ಕೂಗಿತ್ತು, ಒದ್ದಿದ್ದ. ಎರಡು ಸಾಲು ಕಾರುಗಳು ಒಟ್ಟಿಗೆ ಹಾರನ್ ಬಾರಿಸಿದವು. ಕ್ಲೆಮ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಅಲ್ಲೇ ನೆಲಕ್ಕೆ ಕುಸಿದು ಕೂತ. ನಿಲ್ಲಿಸಿ ಎಂದು ಆರ್ಚಿ ಕೈ ಬೀಸಿದ. ಫ್ರಿಜ್ಜು ಸಿಕ್ಕಿದ, ಆರ್ಚಿ ಕೈ ಬೀಸುತ್ತಿದ್ದಾನೆ ಎಂದುಕೊಂಡ ಜನ ಇನ್ನೂ ಜೋರಾಗಿ ಬಾರಿಸಿದರು.

ಮರ್ಲೀನ್ ಮಂಡಿಯೂರಿ ಕೂತು ಗಂಡನ ಬೂಟಿನ ದಾರ ಬಿಚ್ಚತೊಡಗಿದಳು. ಈ ಸಲ ಅವನು ಅವಳನ್ನು ದೂಡಲಿಲ್ಲ. ಆರ್ಚಿಯೂ ಕಷ್ಟಪಟ್ಟು ಬಗ್ಗಿದ, ಅವನ ಕಿವಿಯ ಹತ್ತಿರ ಬಾಯಿ ತಂದ, ಅವತ್ತಿನ ಹಾಗೇ.

"ಕಳಿಸಲ್ಲ ಕ್ಲೆಮ್. ನೀನು ಆಚೆ. ಇವತ್ತಿಗೆ ನಿನ್ನ ಆಟ ಮುಗೀತು."

"ನಿಜವಾಗ್ಲೂ?"

"ನಿಜವಾಗ್ಲೂ."

ಕ್ಲೆಮ್‌ನ ಮೈಯಿಂದ ಬಿಗಿಯೆಲ್ಲ ಇಳಿದುಹೋಯಿತು. ಮಣ್ಣು ಮೆತ್ತಿದ ಮುಖದಲ್ಲಿ ಇಪ್ಪತ್ಮೂರರ ನಗು ಬಂತು. ಆರ್ಚಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ನೀನು ಒಳ್ಳೆಯವನು ಕಣೋ ಆರ್ಚಿ. ಅಮ್ಮ ಹೇಳಿದ್ಲು, ನೀನು ನೋಡ್ಕೋತೀಯ ಅಂತ. ಬೇರೆ ಯಾವನಾದ್ರೂ ಆಗಿದ್ರೆ ಕಳಿಸೇಬಿಡ್ತಿದ್ದ."

ಮರ್ಲೀನ್ ತಲೆ ಎತ್ತದೆ ಎರಡನೇ ಬೂಟು ಬಿಚ್ಚಿದಳು. ಆಮೇಲೆ ಕೋಟಿನ ಜೇಬಿನಿಂದ ಕರೀ ಪುಸ್ತಕ ತೆಗೆದು, ಆ ಪುಟ ಬಿಡಿಸಿ, ಪೆನ್ಸಿಲ್ ಸಮೇತ ಆರ್ಚಿಯ ಮುಂದೆ ಹಿಡಿದಳು.

"ಬರಿ," ಎಂದಳು. "ಅವನು ಅಂದಿದ್ದೂ ಬರಿ, ನೀನು ಅಂದಿದ್ದೂ ಬರಿ."

ಆರ್ಚಿ ಪೆನ್ಸಿಲ್ ತೆಗೆದುಕೊಂಡ. ಬಲಗೈಯನ್ನು ಕ್ಲೆಮ್ ಇನ್ನೂ ಬಿಟ್ಟಿರಲಿಲ್ಲ, ಎಡಗೈಯಲ್ಲೇ ಬರೆದ.